ನಾರಿಹಳ್ಳದ ನೀರುನಾಯಿ

ಬುಟ್ಟಿಯ ಬಾಯಿಗೆ ಕಟ್ಟಿದ್ದ ಹಗ್ಗದ ಗಂಟು ರಾತ್ರಿಯೆಲ್ಲ ನೀರಲ್ಲಿ ನೆನೆದು ಬಿಗಿದುಕೊಂಡಿತ್ತು. ಉಗುರಿಗೆ ಬಗ್ಗಲಿಲ್ಲ. ಜಂಬಮ್ಮ ಬಾಗಿ ಹಲ್ಲಿನಿಂದ ಎಳೆದಳು. ಮೀನಿನ ಲೋಳೆ ತುಟಿಗೆ ಹತ್ತಿತು. ಸೆರಗನ್ನು ಬಾಯಿಗೆ ಒತ್ತಿ ಹಿಡಿದು, ಸದ್ದಾಗದಂತೆ ಓಕರಿಕೆ ನುಂಗಿ, ಮತ್ತೆ ಬಾಗಿದಳು. ಗಂಟು ಸಡಿಲಾಯಿತು. ಬುಟ್ಟಿಯನ್ನು ಹಳ್ಳದ ನೀರಿನೊಳಗೇ ಓರೆ ಮಾಡಿದಳು.

ಸಣ್ಣ ಮೀನುಗಳು ಒಮ್ಮೆಲೇ ಚದುರಿ ಹೋದವು. ಒಂದು ದೊಡ್ಡ ಕೊರವ ಮೀನು ಮಾತ್ರ ಬುಟ್ಟಿಯ ತಳಕ್ಕೆ ಮೈ ಅಂಟಿಸಿಕೊಂಡು ಉಳಿಯಿತು. ಕಿವಿರು ಮಾತ್ರ ಆಡುತ್ತಿತ್ತು.

"ಹೋಗೋ ನಮ್ಮಪ್ಪಾ," ಎಂದು ಪಿಸುಗುಟ್ಟಿದಳು. "ಆತ ಏಳೋ ಹೊತ್ತಾತು. ಹೋಗು."

ತಳಕ್ಕೆ ಅಂಗೈಯಿಂದ ಬಡಿದಳು. ಕೊರವ ಹೊರಗೆ ಬಂದು, ಅವಳ ಪಾದದ ಹತ್ತಿರ ಒಂದು ಗಳಿಗೆ ನಿಂತು, ಆಮೇಲೆ ಬಂಡೆಯ ನೆರಳಿಗೆ ಸರಿಯಿತು. ಜಂಬಮ್ಮ ಬುಟ್ಟಿಯ ಬಿದಿರಿನ ಸೀಳುಗಳನ್ನು ಒಂದೆರಡು ಕಡೆ ಮುರಿದು ಒಳಕ್ಕೆ ಬಗ್ಗಿಸಿದಳು. ನಿನ್ನೆಯ ಅಡಿಗೆಯಲ್ಲಿ ಎತ್ತಿಟ್ಟುಕೊಂಡಿದ್ದ ಮೀನಿನ ಹುರುಪೆಗಳನ್ನು ಸೆರಗಿನ ಗಂಟಿನಿಂದ ತೆಗೆದು ಬಂಡೆಯ ಮೇಲೆ ಅಲ್ಲಲ್ಲಿ ಉದುರಿಸಿದಳು. ನೋಡಿದವರು ನೀರುನಾಯಿಯ ಕೆಲಸ ಎನ್ನಬೇಕು.

ಕೊಡ ತುಂಬಿಸಿ ಸೊಂಟಕ್ಕೆ ಏರಿಸಿಕೊಳ್ಳುವಾಗ ಖಾಲಿಯಿದ್ದ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ತಟ್ಟನೆ ತೆಗೆದಳು. ಅಭ್ಯಾಸವಾದರೆ ಗಂಡನ ಕಣ್ಣಿಗೆ ಬೀಳುತ್ತದೆ.

ಡೇರೆ ಹಳ್ಳದಿಂದ ಕೂಗಳತೆಯಲ್ಲಿತ್ತು. ಆದೋನಿಯ ಜಿನ್ನಿಂಗ್ ಮಿಲ್ಲಿನ ಯಜಮಾನ ಮರಿಬಸಪ್ಪನವರು ಎರವಲು ಕೊಟ್ಟ ಡೇರೆ ಅದು. ಹತ್ತಿ ಬಿಡಿಸುವ ಕಾಲದಲ್ಲಿ ಕೋಸಗಿ, ಪೆದ್ದಕಡುಬೂರುಗಳ ಕಡೆ ಖರೀದಿಗೆ ಹೋದಾಗ ಅದರಲ್ಲಿ ತಕ್ಕಡಿ ಹೂಡುತ್ತಿದ್ದರು. ಸಂಡೂರಿನ ಗುಡ್ಡಗಳ ನಡುವೆ ತಂದು ಹೊಡೆದ ಮೇಲೂ ಬಟ್ಟೆಯಲ್ಲಿ ಹತ್ತಿಕಾಳಿನ ಜಿಡ್ಡು ವಾಸನೆ ಹೋಗಿರಲಿಲ್ಲ. ಯುದ್ಧ ಶುರುವಾದ ಮೇಲೆ ಮಿಲ್ಲು ಹಗಲು ರಾತ್ರಿ ನಡೆಯುತ್ತಿತ್ತು. ಅಲ್ಲಿ ಫಿಟ್ಟರಾಗಿದ್ದ ನರಸಪ್ಪನ ಎದೆಗೆ ಹತ್ತಿಯ ಧೂಳು ಕೂತು, ಕೆಮ್ಮಿಗೆ ಒಂದು ಸಲ ರಕ್ತ ಬಂದಿತ್ತು. ಆದೋನಿಯ ಡಾಕ್ಟರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಆಲಿಸಿ, "ಗಾಲಿ ಮಾರಾಲಯ್ಯಾ, ಗಾಲಿ," ಎಂದರು. ಗಾಳಿ ಬದಲಾಗಬೇಕು. ಧೂಳಿಲ್ಲದ ಗುಡ್ಡದ ಮೇಲೆ ಒಂದು ಬೇಸಿಗೆ ಇರಬೇಕು, ಮೀನು ಮೊಟ್ಟೆ ತಿನ್ನಬೇಕು. ಇಲ್ಲವಾದರೆ ಮುಂದಿನದಕ್ಕೆ ನನ್ನನ್ನು ಕೇಳಬೇಡ. ನರಸಪ್ಪನ ಸೋದರತ್ತೆಯ ಮಗ ದುರುಗಣ್ಣ ಇಲ್ಲಿ ಕಾಡಿನ ಗಾರ್ಡಾಗಿದ್ದ. ಹೀಗಾಗಿ ಯುಗಾದಿ ಮುಗಿಸಿಕೊಂಡು ಗಂಡಹೆಂಡತಿ ಗುಂತಕಲ್ಲಿನಲ್ಲಿ ರೈಲು ಬದಲಾಯಿಸಿ ಹೊಸಪೇಟೆಗೂ, ಅಲ್ಲಿಂದ ಎತ್ತಿನ ಗಾಡಿಯಲ್ಲಿ ಈ ಹಳ್ಳದ ದಂಡೆಗೂ ಬಂದಿದ್ದರು.

ಮದುವೆಯಾದಾಗಿನಿಂದ ಇಬ್ಬರೇ ಇದ್ದದ್ದು ಇದೇ ಮೊದಲು. ಆದೋನಿಯ ಮನೆಯಲ್ಲಿ ಅತ್ತೆ ಉಚ್ಚಮ್ಮನ ಎದುರು ಒಬ್ಬರನ್ನೊಬ್ಬರು ಮಾತಾಡಿಸುವುದಿರಲಿಲ್ಲ. ನೀರು ಬೇಕಾದರೆ ನರಸಪ್ಪ ಗೋಡೆಗೆ ಹೇಳುತ್ತಿದ್ದ. ಇಲ್ಲಿ ಬಂದ ಮೇಲೆ "ಜಂಬಿ" ಎಂದು ಕರೆಯತೊಡಗಿದ್ದ. ಮೊದಲ ದಿನ ಯಾರನ್ನು ಕರೆಯುತ್ತಿದ್ದಾನೆಂದು ಅವಳು ಹಿಂದೆ ತಿರುಗಿ ನೋಡಿದ್ದಳು.

ಅವನು ಹಳ್ಳದಿಂದ ಬಂದಾಗ ಅವಳು ಒಲೆಗೆ ಪುಳ್ಳೆ ಒಟ್ಟುತ್ತಿದ್ದಳು. ಅವನ ಕೈಯಲ್ಲಿ ಮುರಿದ ಬುಟ್ಟಿಯಿತ್ತು.

"ಮತ್ತ ಬಂದಿತ್ತು ನೋಡು, ಸೂಳೆಮಗಂದು. ಕೊರವನ್ನೂ ಬಿಟ್ಟಿಲ್ಲ. ಮೊಳಕೈಯುದ್ದ ಇತ್ತು ಜಂಬಿ!"

"ಹಸದಿತ್ತೇನೋ ಪಾಪ."

"ನನಗ ಹಸಿವಿಲ್ಲೇನು?" ಎಂದು ಅವನು ನಕ್ಕ. ಅವನ ಕೆನ್ನೆಯ ಗುಳಿ ತುಂಬುತ್ತಿತ್ತು. ಮೈಯ ಬಣ್ಣ ತಿರುಗಿತ್ತು. ಕೆಮ್ಮು ನಿಂತದ್ದು ಯಾವ ದಿನವೆಂದು ಇಬ್ಬರಿಗೂ ಗೊತ್ತಾಗಿರಲಿಲ್ಲ. ಒಂದು ಬೆಳಿಗ್ಗೆ ಎದ್ದಾಗ ಅದು ಇರಲಿಲ್ಲ, ಅಷ್ಟೆ. "ಇರಲಿ ತಗೋ. ಇನ್ನೊಂದು ಹಿಡಿತೀನಿ."

ಗಾಳದ ಕೋಲು ತೆಗೆದುಕೊಂಡು ಮತ್ತೆ ಹಳ್ಳಕ್ಕೆ ಇಳಿದ. ಸ್ವಲ್ಪ ಹೊತ್ತಿಗೆ ಕಲ್ಲಿನ ಮೇಲೆ ಕಲ್ಲು ಬಡಿದ ಸದ್ದು ಕೇಳಿಸಿತು. ಬೆಳಗಿನ ಹೊತ್ತು ಹಿಡಿದದ್ದನ್ನು ಅವನು ಅಲ್ಲೇ ಬಂಡೆಯ ಮೇಲೆ ತಲೆಗೆ ಬಡಿದು ಕೊಂದೇ ತರುತ್ತಿದ್ದ. ಅವಳ ಕೈಗೆ ಸಿಗುವುದು ಸಂಜೆ ಹಿಡಿದು ಬುಟ್ಟಿಯಲ್ಲಿ ಇಟ್ಟವು ಮಾತ್ರ. ಆ ಸದ್ದು ಕೇಳಿದಾಗಲೆಲ್ಲ ಜಂಬಮ್ಮ ಕಣ್ಣು ಮುಚ್ಚಿಕೊಂಡು, ಒಂದನ್ನು ಕೊಂದದ್ದಕ್ಕೆ ಎಷ್ಟನ್ನು ಬಿಟ್ಟರೆ ಸರಿಹೋಗುತ್ತದೆ ಎಂದು ಯೋಚಿಸುತ್ತಿದ್ದಳು. ಹಾಗೆ ಸರಿಹೋಗುತ್ತದೆಂದು ಯಾರೂ ಅವಳಿಗೆ ಹೇಳಿರಲಿಲ್ಲ. ಹೋಗುವುದಿಲ್ಲ ಎಂದೂ ಹೇಳಿರಲಿಲ್ಲ.

ಹೇಳಿದ್ದು ಒಂದೇ ಮಾತು, ಅದನ್ನು ಹೇಳದ ಮುದುಕಿ ಅವರ ಕಡೆ ಇರಲಿಲ್ಲ. ಬಸುರಿಯ ಗಂಡ ಜೀವ ತೆಗೆಯಬಾರದು, ಗುಡ್ಡ ಹತ್ತಬಾರದು, ಹೆಣ ಹೊರಬಾರದು. ಅವಳ ಮೊದಲ ಬಸುರಿನಲ್ಲಿ ಮಿಲ್ಲಿನ ಹತ್ತಿ ರಾಶಿಯಲ್ಲಿ ಹಾವು ಬಂದಿತ್ತು. ನರಸಪ್ಪ ಸ್ಪ್ಯಾನರಿನಿಂದ ಹೊಡೆದು ಸಾಯಿಸಿದ. ಕೂಸು ಹುಟ್ಟಿತು, ಅಳಲಿಲ್ಲ. "ಹಾವು ಹೊಡೆದ ಕೈ ಅದು," ಎಂದು ಉಚ್ಚಮ್ಮ ಮಗನ ಕೈ ಹಿಡಿದು ಅತ್ತಳು. ಎರಡನೆಯ ಸಲ ನರಸಪ್ಪ ಒಂದು ಇರುವೆಯನ್ನೂ ತುಳಿಯದೆ ನಡೆದ. ಆದರೂ ಏಳರಲ್ಲೇ ಹೋಯಿತು. ಆಗ ಅತ್ತೆ ಅಳಲಿಲ್ಲ. "ಇನ್ನೊಂದು ನೋಡ್ತೀನಿ. ಆಮ್ಯಾಲ ನಮ್ಮಣ್ಣನ ಮಗಳು ಅದಾಳ," ಎಂದು ಅಕ್ಕಿ ಆರಿಸುತ್ತ ಹೇಳಿದಳು, ಅಕ್ಕಿಗೇ ಹೇಳುವ ಹಾಗೆ.

ಈಗ ಇದು ಮೂರನೆಯದು. ಬಾಯಿಬಿಟ್ಟರೆ ನರಸಪ್ಪ ಗಾಳ ಕೆಳಗಿಡಬೇಕು, ಗುಡ್ಡ ಇಳಿಯಬೇಕು, ಆದೋನಿಗೆ ಹೋಗಿ ಮತ್ತೆ ಆ ಧೂಳಿನಲ್ಲಿ ನಿಲ್ಲಬೇಕು. ಬಿಡದಿದ್ದರೆ ದಿನಕ್ಕೊಂದು ಜೀವ ಅವಳ ಹೊಟ್ಟೆಯ ಲೆಕ್ಕಕ್ಕೆ ಬೀಳುತ್ತದೆ. ಯಾವ ಕಡೆ ತಿರುಗಿದರೂ ಒಬ್ಬರು ಉಸಿರಿಲ್ಲದೆ ಮಲಗಿರುವುದು ಅವಳಿಗೆ ಕಾಣುತ್ತಿತ್ತು.

ಊರಿನಲ್ಲಾದರೆ ಮುಚ್ಚಿಡಲು ಆಗುತ್ತಿರಲಿಲ್ಲ. ಸೊಸೆ ಯಾವಾಗ ಹೊರಗೆ ಕೂತಳು, ಯಾವಾಗ ತಲೆಗೆ ನೀರು ಹಾಕಿಕೊಂಡಳು ಎಂಬುದು ಅತ್ತೆಯ ಬಾಯಲ್ಲಿರುತ್ತಿತ್ತು. ಇಲ್ಲಿ ನೋಡುವವನು ಗಂಡನೊಬ್ಬನೇ. ಹೊರಗೆ ಕೂಡಬೇಕಾದ ದಿನ ಬಂದಾಗ ಜಂಬಮ್ಮ ಸುಳ್ಳೇ ಕಂಬಳಿ ಎತ್ತಿಕೊಂಡು ಹೋಗಿ ಹುಣಸೆ ಗಿಡದ ಬುಡದಲ್ಲಿ ಮಲಗಿದಳು. ನರಸಪ್ಪ ಆ ದಿನಗಳಲ್ಲಿ ತಾನೇ ಅಡಿಗೆ ಮಾಡಿ, ತಟ್ಟೆಯನ್ನು ದೂರದಿಂದ ಸರಿಸಿ, "ಊಟ ಮಾಡವ್ವಾ ಮಹಾರಾಣಿ," ಎಂದಿದ್ದ. ಗಂಡಸು ಬೇಯಿಸಿದ ಮೀನು ಅರ್ಧ ಹಸಿಯಾಗಿತ್ತು. ಅವಳು ಅದನ್ನು ಮುಳ್ಳಿನ ಸಮೇತ ಮಣ್ಣಿನಲ್ಲಿ ಹೂತಿದ್ದಳು.

ಹೇಳಬೇಕೆಂದು ಒಂದು ದಿನ ಬಾಯಿಯವರೆಗೆ ಬಂದಿತ್ತು. ಬೆಟ್ಟದ ಮೇಲೆ ಬಿಳಿ ದೊರೆಗಳು ಬಿಟ್ಟುಹೋದ ಬಂಗಲೆಗಳಿವೆ, ನೋಡಿ ಬರೋಣ ಎಂದು ನರಸಪ್ಪ ಹಠ ಹಿಡಿದ. ಕಾಲು ನೋವು ಎಂದಳು. "ಹೊತ್ಕೊಂಡು ಹೋಗ್ತೀನಿ ನಡಿ," ಎಂದ. ನೆತ್ತಿಯ ಮೇಲೆ ಬಾಗಿಲು ಕಿಟಕಿಗಳಿಲ್ಲದ ಮನೆಗಳು, ಒಳಗೆ ಬೆಳೆದ ಲಂಟಾನ, ಗೋಡೆಯ ಮೇಲೆ ಯಾರೋ ಇದ್ದಿಲಿನಲ್ಲಿ ಬರೆದ ಕುದುರೆ. ಒಂದು ಮುರುಕು ಕಟ್ಟೆಯ ಮೇಲೆ ಕೂತರು. ಕೆಳಗೆ ಕೆಂಪು ಗುಡ್ಡಗಳ ಆಚೆ ಬಯಲು ಕಾಣುತ್ತಿತ್ತು. ದೂರದಲ್ಲಿ ರೈಲಿನ ಹೊಗೆ ಎದ್ದು ಅಲ್ಲೇ ನಿಂತಂತೆ ತೋರುತ್ತಿತ್ತು. ನರಸಪ್ಪ ಅಷ್ಟು ಎತ್ತರ ಹತ್ತಿಯೂ ಏದುಸಿರು ಬಿಡುತ್ತಿರಲಿಲ್ಲ. ಬಾಯಿ ತೆರೆದು ಗಾಳಿಯನ್ನು ಒಳಗೆಳೆದು, ನೀರು ಕುಡಿದವನಂತೆ ತುಟಿ ಒರೆಸಿಕೊಂಡ.

"ನಿಮಗೊಂದು ಮಾತು ಹೇಳಬೇಕು," ಎಂದಳು ಜಂಬಮ್ಮ.

"ನಾ ಮೊದಲ ಹೇಳ್ತೀನಿ, ನಿಲ್ಲು. ರಾತ್ರಿ ಮಲಗಿದಾಗ ಎದಿಮ್ಯಾಲ ಯಾರೋ ಕುಂತಂಗ ಆಗ್ತಿತ್ತಲ್ಲ, ಅದು ಎದ್ದು ಹೋಗೈತಿ ಜಂಬಿ. ಮಿಲ್ಲಿಗೆ ಬಂದ ಮೊದಲನೇ ವರ್ಷದಿಂದ ಕುಂತಿತ್ತು ಅದು. ಮಂದಿ ಎಲ್ಲಾ ಹಿಂಗ ಉಸುರಾಡ್ತಾರ ಅಂತ ನನಗ ಗೊತ್ತ ಇರಲಿಲ್ಲ." ಅವಳ ಕಡೆ ತಿರುಗಿದ. "ನಿಂದೇನು?"

"ಬಿಸಿಲಾತು, ಇಳಿಯೋಣ ಅಂತ."

ಮಂಗಳವಾರ ದುರುಗಣ್ಣನ ಹೆಂಡತಿ ಉರುಕುಂದಮ್ಮ ಮಜ್ಜಿಗೆ ತೆಗೆದುಕೊಂಡು ಬಂದಳು. ಏಳು ಹೆತ್ತವಳು, ಅಗಲ ಮೈಯ, ಗಂಟಲು ದೊಡ್ಡದಿದ್ದ ಹೆಂಗಸು. ಒಲೆಯ ಅಂಚಿನಲ್ಲಿ ಬೆರಳಿನಷ್ಟು ಮಣ್ಣು ಕೆರೆದಿದ್ದನ್ನು ನೋಡಿದಳು, ಆಮೇಲೆ ಜಂಬಮ್ಮನ ತುಟಿಯನ್ನು ನೋಡಿದಳು.

"ಇಲಿ ಕೆರದೈತಿ ಏನವ್ವಾ ಒಲಿ?"

ಜಂಬಮ್ಮ ಸೆರಗಿನಿಂದ ತುಟಿ ಒರೆಸಿಕೊಂಡಳು.

"ಎರಡು ಕಾಲಿನ ಇಲಿ," ಎಂದು ಉರುಕುಂದಮ್ಮ ನಕ್ಕು, ಹತ್ತಿರ ಸರಿದು ದನಿ ತಗ್ಗಿಸಿದಳು. "ಎಷ್ಟರಾಗ?"

"ಅಕ್ಕಾ, ನಿಮ್ಮ ಕಾಲು ಮುಟ್ತೀನಿ. ಅವರಿಗೆ ಹೇಳಬ್ಯಾಡ್ರಿ."

"ಗಂಡಗ ಹೇಳಬ್ಯಾಡಂದ್ರ? ಆತಂದ ಹೌದಲ್ಲ ಮತ್ತ?"

"ಅಯ್ಯ, ಅಕ್ಕಾ!"

"ನಗಸಾಕ ಅಂದೆ." ಆದರೆ ಉರುಕುಂದಮ್ಮನ ಮುಖದ ನಗು ಅಲ್ಲೇ ಆರಿತು. ಹಳ್ಳದ ಕಡೆ ನೋಡಿದಳು. ನರಸಪ್ಪ ಬಂಡೆಯ ಮೇಲೆ ಬೆನ್ನು ತಿರುಗಿಸಿ ಕೂತಿದ್ದ. ಕೋಲು ನೀರಿನ ಮೇಲೆ ಬಾಗಿತ್ತು. "ಮೀನ ಹಿಡೀತಾನಲ್ಲೇ ಆತ. ದಿನಾ ಹಿಡೀತಾನ. ನಿಂದು ಎರಡು ಹೋಗ್ಯಾವು ಅಂತ ಕೇಳೀನಿ."

"ಮೀನ ಬಿಡಿಸಿದ್ರ ಏನು ತಿನ್ನಲಿ ಅವರು? ಊರಿಗೆ ಕರ್ಕೊಂಡು ಹೋದ್ರ ಆ ಧೂಳು. ನೀವ ಹೇಳ್ರಿ ಅಕ್ಕಾ, ನಾ ಏನು ಮಾಡ್ಲಿ?"

ಏಳು ಹೆತ್ತವಳು ಮಜ್ಜಿಗೆಯ ಗಡಿಗೆಯನ್ನು ಬಗ್ಗಿಸಿ, ಅವಳ ಬೆನ್ನ ಮೇಲೆ ಕೈಯಾಡಿಸಿ ಎದ್ದಳು. "ನಾ ನೋಡಿಲ್ಲ ತಗೋ. ಮಣ್ಣು ತಿನ್ನಬ್ಯಾಡ, ಹುಣಸಿ ಚಿಗುರು ತಿನ್ನು," ಎಂದಳು.

ಅದೇ ವಾರ ನೀರುನಾಯಿಯ ಸುದ್ದಿ ದುರುಗಣ್ಣನ ಕಿವಿಗೆ ಬಿತ್ತು. ಸಂಜೆ ಅವನು ಹೆಗಲ ಮೇಲೆ ಗೋಣಿಚೀಲ ಹಾಕಿಕೊಂಡು ಬಂದು ಒಲೆಯ ಮುಂದೆ ಸುರಿದ. ಹಲ್ಲಿದ್ದ ಕಬ್ಬಿಣದ ಬೋನು. ಸರಪಳಿಯ ತುದಿಗೆ ಗೂಟ.

"ಹಂದಿಗಂತ ಇಟ್ಟಿದ್ದು ಇದು. ನೀರುನಾಯಿ ಕಾಲು ಇಟ್ರ ಮುರೀತೈತಿ. ತೊಗಲು ನನಗ, ಮೀನು ನಿನಗ."

"ಭಾವ, ನೀ ಸರಕಾರದ ಮನಿಶಾ. ಕಾಡಿನ ಮೃಗ ಹೊಡೀಬಹುದೇನು?" ಎಂದ ನರಸಪ್ಪ.

"ಸರಕಾರ ನಾನ. ನನ್ನ ಕೇಳೀನಿ, ಹೂಂ ಅಂದೀನಿ." ದುರುಗಣ್ಣ ಬೀಡಿ ಹೊತ್ತಿಸಿ ಹೊಗೆಯನ್ನು ನರಸಪ್ಪನಿಂದ ದೂರಕ್ಕೆ ಊದಿದ. "ಆದ್ರ ನನಗೊಂದು ತಿಳೀವಲ್ದು. ಹತ್ತು ವರ್ಷದಿಂದ ಈ ಹಳ್ಳದ ಮ್ಯಾಲ ಅದೀನಿ. ನೀರುನಾಯಿ ಹೇತದ್ದನ್ನೂ ನೋಡಿಲ್ಲ. ಆದೋನಿಯಿಂದ ನಿನ್ನ ಹಿಂದ ರೈಲು ಹತ್ತಿ ಬಂತೇನು?"

ಗಂಡಸರಿಬ್ಬರೂ ನಕ್ಕರು. ಜಂಬಮ್ಮ ರೊಟ್ಟಿಯ ಹಿಟ್ಟನ್ನು ನಾದುತ್ತಲೇ ಇದ್ದಳು, ನಾದುವ ಹದ ದಾಟಿದ ಮೇಲೂ.

"ಯಾಕ ಬೇಕು ಅಣ್ಣಾ," ಎಂದಳು. "ಮೂಕ ಪ್ರಾಣಿ. ಅದಕ್ಕೂ ಮನ್ಯಾಗ ಮರಿ ಇರ್ತಾವು."

"ಅದರ ಮರಿ ಸಾಕಾಕ ನನ್ನ ಅಳೇಮಯ್ಯ ಬಿಸಿಲಾಗ ಕುಂತು ಮೀನ ಹಿಡೀಬೇಕೇನು ತಂಗೀ?" ಎಂದ ದುರುಗಣ್ಣ. "ಹುಷಾರು ಮತ್ತ, ಕತ್ತಲಾಗ ಅತ್ಲಾಗ ನೀರಿಗೆ ಹೋಗಬ್ಯಾಡ. ಹೆಣ್ಮಕ್ಕಳ ಕಾಲು ಅಂತ ಅದು ನೋಡಂಗಿಲ್ಲ."

ಇಬ್ಬರೂ ಹೋಗಿ ಬುಟ್ಟಿಯ ಪಕ್ಕದಲ್ಲಿ ಬೋನು ಇಟ್ಟು ಬಂದರು. ನರಸಪ್ಪ ಮಗುವಿನಂತೆ ಅದರ ಕೆಲಸವನ್ನು ಅವಳಿಗೆ ವಿವರಿಸಿದ. ನಡುವಿನ ತಗಡು ಒತ್ತಿದರೆ ಸಾಕು, ಹಲ್ಲು ಎರಡೂ ಕಡೆಯಿಂದ ಬರುತ್ತದೆ. ಒಳ್ಳೆಯ ಸ್ಪ್ರಿಂಗು, ಬಿಳಿ ಜನರ ದೇಶದ್ದು.

ಬೆಳಕು ಹರಿಯುವ ಮುಂಚೆ ಜಂಬಮ್ಮ ಎದ್ದಳು. ಮಲಗಿದ್ದರೂ ಅವಳು ನಿದ್ದೆ ಮಾಡಿರಲಿಲ್ಲ. ಇಲ್ಲದ ನೀರುನಾಯಿಯನ್ನು ತಾನೇ ಹುಟ್ಟಿಸಿದ್ದಳು. ಈಗ ನಿಜವಾದ ಯಾವುದೋ ಪ್ರಾಣಿ, ಒಂದು ನರಿ, ಒಂದು ಮುಂಗುಸಿ, ನೀರು ಕುಡಿಯಲು ಬಂದು ಅಲ್ಲಿ ಕಾಲಿಡುತ್ತದೆ. ಮುರಿದ ಕಾಲಿನಿಂದ ಒದ್ದಾಡುತ್ತಿರುವುದನ್ನು ನರಸಪ್ಪ ಹೋಗಿ ಕಲ್ಲಿನಿಂದ ಮುಗಿಸುತ್ತಾನೆ. ಮೀನಿಗಿಂತ ದೊಡ್ಡದು, ಬಿಸಿರಕ್ತದ್ದು. ತಾನು ಒಂದು ಕಡೆ ಹೊಲಿದರೆ ಇನ್ನೊಂದು ಕಡೆ ಹರಿಯುತ್ತಿತ್ತು.

ಒಲೆಯಿಂದ ಅರ್ಧ ಉರಿದ ಕೊರಡೊಂದನ್ನು ತೆಗೆದುಕೊಂಡು, ಕೊಡ ಸೊಂಟಕ್ಕಿಟ್ಟುಕೊಂಡು ಇಳಿದಳು. ಬೋನು ಬಾಯಿ ತೆರೆದುಕೊಂಡು ಹಾಗೇ ಬಿದ್ದಿತ್ತು. ಸುತ್ತಲೂ ಇಬ್ಬನಿ ಕೂತು ಕಬ್ಬಿಣ ಕಪ್ಪಾಗಿತ್ತು. ಕೊಡವನ್ನು ಇಳಿಸಿ, ಎಷ್ಟು ದೂರ ನಿಲ್ಲಬಹುದೋ ಅಷ್ಟು ದೂರ ನಿಂತು, ಕೊರಡಿನ ತುದಿಯಿಂದ ತಗಡನ್ನು ಒತ್ತಿದಳು.

ಸದ್ದು ಎರಡೂ ಗುಡ್ಡಗಳಿಗೆ ಬಡಿದು ಬಂತು. ಮರಗಳಿಂದ ಹಕ್ಕಿಗಳು ಎದ್ದವು. ಕೊರಡನ್ನು ಹಲ್ಲು ಕಚ್ಚಿ ಹಿಡಿದಿತ್ತು; ಎಳೆದರೆ ಬರಲಿಲ್ಲ. ಅವಳು ಬಿಟ್ಟು ಓಡಬಹುದಾಗಿತ್ತು. ಓಡದೆ ಎಳೆಯುತ್ತಲೇ ನಿಂತಳು.

"ನೀರುನಾಯಿಗೆ ಕೊಡ ಹೊರೋದೂ ಬರ್ತೈತಿ ಅಂತ ಗೊತ್ತಿರಲಿಲ್ಲ," ಎಂದ ನರಸಪ್ಪ ಹಿಂದಿನಿಂದ.

ಅವನು ಕಂಬಳಿ ಹೊದ್ದು ದಂಡೆಯ ಮೇಲೆ ನಿಂತಿದ್ದ. ಸಿಟ್ಟಿರಲಿಲ್ಲ ಅವನ ದನಿಯಲ್ಲಿ. ಇದ್ದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು.

"ದಿನಾಲೂ ನೀನ ಏನು?"

"ದಿನಾಲೂ ನಾನ."

"ಬಿಸಿಲಾಗ ಕುಂತು ಹಿಡಿದದ್ದು ಜಂಬಿ. ನಿನ್ನ ಮುಖದಾಗೂ ಒಂದೀಟು ರಕ್ತ ಬರಲಿ ಅಂತ. ಬ್ಯಾಡಾಗಿದ್ರ ಬ್ಯಾಡ ಅನಬೇಕಿತ್ತು."

"ಅನ್ನಾಕ ಬಾಯಿ ಇದ್ರ ಬುಟ್ಟಿ ಯಾಕ ಮುರೀತಿದ್ದೆ?" ಅವಳ ದನಿ ಒಡೆಯಿತು. "ನಾ ತಲಿಗೆ ನೀರು ಹಾಕ್ಕೊಂಡು ಎರಡು ತಿಂಗಳ ಮ್ಯಾಲಾತು."

ಅವನು ಚಕಿತನಾಗಲಿಲ್ಲ. ಬಂದು ಬೋನಿನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಸ್ಪ್ರಿಂಗಿನ ಮೇಲೆ ಪಾದ ಒತ್ತಿ ಕೊರಡನ್ನು ಬಿಡಿಸಿದ.

"ಗೊತ್ತೈತಿ," ಎಂದ.

ಜಂಬಮ್ಮ ಕೊರಡಿನ ತುದಿಯನ್ನು ಬಿಟ್ಟಳು.

"ಹೊರಗಾಗೀನಿ ಅಂತ ಗಿಡದ ಬುಡಕ ಮಲಗಿದ್ದಿಯಲ್ಲ, ಎರಡನೇ ದಿನ ನಾ ಮಾಡಿದ ಸಾರು ಸಪ್ಪಗಿತ್ತು. ಏನೋ ಯೋಚನ್ಯಾಗ ಎದ್ದು ಬಂದು ಉಪ್ಪಿನ ಗಡಿಗ್ಯಾಗ ಕೈ ಹಾಕಿದಿ. ನಮ್ಮವ್ವನ ಕೈಯಾಗ ಪಳಗಿದಾಕಿ ನೀನು. ಹೊರಗಿದ್ದಾಗ ಆ ಗಡಿಗಿ ಮ್ಯಾಲ ನಿನ್ನ ನೆರಳು ಸೈತ ಬೀಳಂಗಿಲ್ಲ. ಅವತ್ತ ತಿಳೀತು ನನಗ."

"ತಿಳಿದ ಮ್ಯಾಲೂ ಕೊಂದ್ರಿ."

ನರಸಪ್ಪ ಕೊರಡಿನ ಮೇಲಿನ ಹಲ್ಲಿನ ಗುರುತುಗಳನ್ನು ಹೆಬ್ಬೆರಳಿನಿಂದ ಸವರುತ್ತಿದ್ದ.

"ತಿಳಿದ ಮ್ಯಾಲೂ ಗುಡ್ಡ ಹತ್ತಿದ್ರಿ. ನನ್ನೂ ಕರ್ಕೊಂಡು."

"ನಂಬಂಗಿಲ್ಲ ನಾ ಅದನ್ನೆಲ್ಲ." ಕೊರಡನ್ನು ಕೆಳಗಿಟ್ಟು, "ನಂಬಬಾರದು ಅಂತ ಮಾಡಿದ್ದೆ," ಎಂದ. "ಕಲ್ಲು ಎತ್ತಿದಾಗೊಮ್ಮೆ ಆ ಹಾವಿಂದ ನೆನಪು. ಆದ್ರೂ ಎತ್ತಿದೆ. ನಿನ್ನ ಕೇಳಿದ್ನೆಂದ್ರ ಅವತ್ತ ಡೇರೆ ಕೀಳಬೇಕು. ನೀ ಹೇಳಲಿಲ್ಲ, ನಾ ಕೇಳಲಿಲ್ಲ. ಇನ್ನೊಂದು ವಾರ, ಇನ್ನೊಂದು ವಾರ ಅಂತ..." ಮುಖ ಎತ್ತಿ ನೋಡಿದ. "ಉಸುರಿನ ಆಸಿ ಜಂಬಿ. ಕೆಟ್ಟದ್ದು ಅದು."

ಅವಳು ಸಿಟ್ಟಿಗಾಗಿ ತನ್ನೊಳಗೆ ಹುಡುಕಿದಳು. ಅದು ಇತ್ತು, ಆದರೆ ಅವನತ್ತ ಎಸೆಯಲು ಎತ್ತಿಕೊಂಡರೆ ಅರ್ಧ ಅವಳ ಕೈಯಲ್ಲೇ ಉಳಿಯುತ್ತಿತ್ತು.

"ಇವತ್ತ ಇಳಿಯೋಣ," ಎಂದು ಅವನು ಎದ್ದ. "ಭಾವನ್ನ ಗಾಡಿ ಕೇಳಿ ಬರ್ತೀನಿ. ಅವ್ವಗ ನಾನ ಹೇಳ್ತೀನಿ. ಮಿಲ್ಲಿನಾಗ ಎಂಜಿನ್ ಕಡೆ ಕೆಲಸ ಕೇಳ್ತೀನಿ, ಅಲ್ಲಿ ಧೂಳು ಸ್ವಲ್ಪ..."

ಕೆಮ್ಮಿದ. ಬೆಳಗಿನ ತಂಪಿಗೆ ಯಾರಿಗಾದರೂ ಬರುವಂಥ ಒಂದು ಕೆಮ್ಮು. ಇಬ್ಬರೂ ಅಲ್ಲಾಡದೆ ನಿಂತು ಎರಡನೆಯದಕ್ಕಾಗಿ ಕಾದರು. ಬರಲಿಲ್ಲ.

"ಕೋಲು ಎಲ್ಲೈತಿ?" ಎಂದಳು ಜಂಬಮ್ಮ.

"ಯಾಕ, ಮುರೀತಿಯೇನು?"

"ತರ್ರಿ."

ಅವನು ಡೇರೆಯ ಹಿಂದಿನಿಂದ ಗಾಳದ ಕೋಲನ್ನೂ ಎರೆಹುಳುವಿನ ತೆಂಗಿನ ಚಿಪ್ಪನ್ನೂ ತಂದ. ಅವಳು ಎರಡನ್ನೂ ಕಸಿದುಕೊಂಡಂತೆ ತೆಗೆದುಕೊಂಡು, ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಸಿಗಿಸಿ, ಅವನು ದಿನವೂ ಕೂಡುತ್ತಿದ್ದ ಬಂಡೆಯ ಮೇಲೆ ಕೂತಳು.

"ಹುಳ ಹೆಂಗ ಚುಚ್ಚೋದು ಹೇಳ್ರಿ. ಕೈ ಹಚ್ಚಬ್ಯಾಡ್ರಿ. ಬಾಯಿಲೆ ಹೇಳ್ರಿ."

"ಹುಚ್ಚಿಯೇನ? ಬಸುರಿ ಹೆಂಗಸು ನೀನು."

"ಬಸುರಿ ಗಂಡ ಕೊಲ್ಲಬಾರದು ಅಂದಾರ. ಬಸುರಿ ಕೊಲ್ಲಬಾರದು ಅಂತ ಯಾರೂ ಅಂದಿಲ್ಲ. ಆದೋನ್ಯಾಗ ಕೆರಿ ಮೀನು ಬಂದ ದಿನ ಜೀವ ಇದ್ದಂಗ ಬೂದಿ ಹಚ್ಚಿ ತಿಕ್ಕಾಕಿ ಯಾರು? ನಿಮ್ಮವ್ವ ನನ್ನ ಕೈಗ ಕೊಡ್ತಿದ್ಲು. ಎರಡೂ ಬಸುರಿನಾಗ ತಿಕ್ಕೀನಿ. ಒಬ್ಬರೂ ಬ್ಯಾಡ ಅಂದಿಲ್ಲ."

"ಎರಡೂ..." ಎಂದು ನರಸಪ್ಪ ಬಾಯಿ ತೆರೆದ. ಹಾಗೇ ಮುಚ್ಚಿದ.

ಅವನು ನುಂಗಿದ ಮಾತು ಅವಳಿಗೆ ಕೇಳಿಸಿತು: ಆ ಎರಡೂ ಹೋದವು. ಬೂದಿ ಮೆತ್ತಿದ ತನ್ನ ಕೈಗಳು, ಅತ್ತೆಯ ಅಡಿಗೆಮನೆಯ ಮೂಲೆ, ಬೆರಳುಗಳ ನಡುವೆ ಜಾರುತ್ತ ಬಾಲ ಬಡಿಯುತ್ತಿದ್ದ ಮೀನುಗಳು. ಒಂದು ಗಳಿಗೆ ಚಿಪ್ಪಿನೊಳಗಿನ ಹುಳುಗಳನ್ನು ನೋಡುತ್ತ ಕೂತಳು. ಆಮೇಲೆ ಒಂದನ್ನು ಆರಿಸಿ ತೆಗೆದಳು.

"ತಲಿ ಕಡಿಂದಾ? ಬಾಲದ ಕಡಿಂದಾ?"

"ತಲಿ ಕಡಿಂದ," ಎಂದ ಅವನು.

ಹುಳು ಬೆರಳಿಗೆ ಸುತ್ತಿಕೊಂಡಿತು. ಗಾಳದ ಮೊನೆ ಒಮ್ಮೆ ಅವಳ ಬೆರಳಿಗೇ ಚುಚ್ಚಿತು. ದಾರವನ್ನು ಬೀಸಿದಾಗ ಹಿಂದಿನ ಪೊದೆಗೆ ಸಿಕ್ಕಿತು. ಬಿಡಿಸಲು ನರಸಪ್ಪ ಕೈ ಚಾಚಿದವನು ಅವಳ ಮುಖ ನೋಡಿ ಹಿಂದಕ್ಕೆಳೆದುಕೊಂಡ. ಅವಳೇ ಎದ್ದು ಹೋಗಿ ಬಿಡಿಸಿದಳು. ಮೊದಲ ಸಲ ಎಳೆತ ತಿಳಿಯುವಷ್ಟರಲ್ಲಿ ಹುಳು ಹೋಗಿತ್ತು. ಎರಡನೆಯ ಸಲವೂ ಹೋಯಿತು. ಬಿಸಿಲು ಪೂರ್ವದ ಗುಡ್ಡದ ನೆತ್ತಿಯಿಂದ ಇಳಿದು ಹಳ್ಳದ ಆಚೆಯ ದಂಡೆಗೆ ಮುಟ್ಟಿತು. ಗಾಡಿಯ ಮಾತನ್ನು ಯಾರೂ ಎತ್ತಲಿಲ್ಲ.

"ಈಗ," ಎಂದ ಅವನು ಮೆಲ್ಲಗೆ. "ಈಗ ಎಳಿ. ಮ್ಯಾಲಕ್ಕ."

ಎಳೆದಳು. ಕೋಲು ಬಾಗಿತು. ಕೈಯಿಂದ ಹೆಗಲವರೆಗೆ ಏನೋ ಜೀವಂತವಾದದ್ದು ಓಡಿ ಬಂದಂತಾಯಿತು. ಅಂಗೈಯಗಲದ ಮೀನೊಂದು ಗಾಳಿಯಲ್ಲಿ ತಿರುಗಿ, ಬಂಡೆಯ ಮೇಲೆ ಅವಳ ಮಗ್ಗುಲಿಗೆ ಬಿದ್ದು, ನೀರಿನ ಕಡೆಗೆ ಎಗರತೊಡಗಿತು.

"ಅತ್ಲಾಗ ತಿರುಗ್ರಿ," ಎಂದಳು.

ನರಸಪ್ಪ ಗುಡ್ಡದ ಕಡೆ ತಿರುಗಿ ನಿಂತ. ಕೈಗಳನ್ನು ಕಂಬಳಿಯೊಳಗೆ ಎಳೆದುಕೊಂಡಿದ್ದ. ಜಂಬಮ್ಮ ಮೀನಿನ ಮೇಲೆ ಎಡಗೈ ಊರಿ ಒತ್ತಿ ಹಿಡಿದಳು, ಬಲಗೈಗೆ ಕಲ್ಲು ತೆಗೆದುಕೊಂಡಳು. ಅದು ಅಂಗೈಯಡಿ ಬಡಿದುಕೊಳ್ಳುತ್ತಿತ್ತು, ನಿಂತು, ಮತ್ತೆ ಬಡಿದುಕೊಳ್ಳುತ್ತಿತ್ತು. ಬೆನ್ನ ಹಿಂದೆ ಗಂಡನ ಉಸಿರು ಎಲ್ಲೂ ತಡೆಯಿಲ್ಲದೆ ಹೋಗಿ ಬರುತ್ತಿರುವುದು ಅವಳಿಗೆ ಕೇಳಿಸುತ್ತಿತ್ತು. ಕಲ್ಲು ಎತ್ತಿಕೊಂಡೇ ಕೂತಿದ್ದಳು.